ಕ್ಯಾಮೆರಾ ಕರೆಸುವ ಮೊದಲು ಚೇಂಬರಿಗೆ ಕನ್ನಡಿ ಹಿಡಿಯಿರಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಶೌಚದ ಪೈಪು ಕೈಕೊಡುವುದು ಹೆಚ್ಚಾಗಿ ಮಳೆ ಹಿಡಿದ ಮೇಲೆ. ಮಣ್ಣು ತುಂಬಿ ಎತ್ತರಿಸಿದ ಅಂಗಳ ಕುಸಿದು ಪೈಪು ನಡುವೆ ಜಗ್ಗಿರುತ್ತದೆ, ಇಲ್ಲವೇ ಮಾಡಿನ ನೀರನ್ನು ಯಾರೋ ಚೇಂಬರಿಗೇ ಬಿಟ್ಟಿರುತ್ತಾರೆ. ಒಳಗೆ ಏನಾಗಿದೆ ಎಂದು ನೋಡಲು ದಾರಿ ಎರಡು: ಮೇಲೆ ನಿಂತು ಕೈಯಿಂದ ಮಾಡುವ ಪರೀಕ್ಷೆ, ಕೇಬಲ್ ತುದಿಯ ಕ್ಯಾಮೆರಾ. ಆಳನ್ನು ಒಳಗಿಳಿಸುವುದು ಮೂರನೆಯ ದಾರಿಯಲ್ಲ. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೆ ಜನರನ್ನು ಹಚ್ಚುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ₹2 ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ‘ನಾತ ಇಲ್ಲ, ಇಳಿ’ ಎನ್ನುವವರ ಮಾತು ನಂಬಬೇಡಿ.

ಮೊದಲು ಮನೆಯ ಚೇಂಬರುಗಳ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಬೆಂಕಿಕಡ್ಡಿ, ಬೀಡಿ ದೂರವಿರಲಿ, ಮೀಥೇನ್ ಇರಬಹುದು. ಮೇಲಿನ ಚೇಂಬರ್ ತುಂಬಿದ್ದು ಕೆಳಗಿನದು ಒಣಗಿದ್ದರೆ ಅಡಚಣೆ ಅವೆರಡರ ನಡುವೆ ಇದೆ. ಎರಡೂ ತುಂಬಿದ್ದರೆ ತೊಂದರೆ ಇನ್ನೂ ಕೆಳಗೆ. ಗುಂಡಿಯ ಶೌಚಾಲಯವಾದರೆ ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದು ಗುಂಡಿಯೇ ತುಂಬಿರಬಹುದು. ಅದಕ್ಕೆ ಕ್ಯಾಮೆರಾ ಹಾಕಿಸುವುದು ದುಡ್ಡು ದಂಡ.

ನೀರು ಇಳಿದ ಮೇಲೆ ಒಂದು ಚೇಂಬರಿನಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೋಲಿಗೆ ಓರೆಯಾಗಿ ಕಟ್ಟಿದ ಕನ್ನಡಿ ಇಳಿಬಿಡಿ. ಬೆಳಕು ದುಂಡಗೆ ಕಂಡರೆ ಪೈಪು ನೇರವಾಗಿದೆ, ಖಾಲಿಯಿದೆ. ಅರ್ಧಚಂದ್ರ ಕಂಡರೆ ಜಗ್ಗಿದೆ, ಇಲ್ಲವೇ ಹೂಳಿದೆ. ಏನೂ ಕಾಣದಿದ್ದರೆ ಪೂರ್ತಿ ಕಟ್ಟಿದೆ ಅಥವಾ ನಡುವೆ ತಿರುವಿದೆ. ಮಾಡಿನ ನೀರಿನ ಅನುಮಾನವಿದ್ದರೆ ದಂಬೆಗೆ ಬಣ್ಣದ ನೀರು ಹೊಯ್ದು ಚೇಂಬರ್ ನೋಡಿ. ಖರ್ಚಿಲ್ಲದ ಇಷ್ಟು ಕೆಲಸಕ್ಕೇ ಬಹಳಷ್ಟು ಗುಟ್ಟು ಹೊರಬೀಳುತ್ತದೆ.

ಕನ್ನಡಿ ಸೋಲುವುದು ತಿರುವಿನಲ್ಲಿ, ನೆಲಗಟ್ಟಿನ ಅಡಿಯಲ್ಲಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಟ್ಟಿಕೊಂಡರೂ ಕ್ಯಾಮೆರಾ ಕರೆಸಿ. ಜೋಡಣೆಯಲ್ಲಿ ನುಗ್ಗಿದ ಬೇರು, ಕೂದಲೆಳೆಯ ಬಿರುಕು ಅದಕ್ಕೆ ಮಾತ್ರ ಕಾಣುತ್ತದೆ. ಆದರೆ ರಾಡಿಯಲ್ಲಿ ಅದೂ ಕುರುಡು. ಮೊದಲು ನೀರಿನ ಒತ್ತಡದಿಂದ ಪೈಪು ತೊಳೆಸಿ. ದರ ಮಾತಾಡುವಾಗಲೇ ಮೂರು ವಿಷಯ ಕೇಳಿಕೊಳ್ಳಿ: ತೆರೆಯ ಮೇಲೆ ಎಷ್ಟು ಮೀಟರ್ ಒಳಗಿದೆ ಎಂದು ಬರುತ್ತದೆಯೇ, ವಿಡಿಯೊವನ್ನು ಪೆನ್‌ಡ್ರೈವಿಗೆ ಹಾಕಿ ಕೊಡುತ್ತಾರೆಯೇ, ಕ್ಯಾಮೆರಾ ತಲೆ ಎಲ್ಲಿದೆ ಎಂದು ನೆಲದ ಮೇಲಿಂದ ಗುರುತಿಸುವ ಯಂತ್ರ ಇದೆಯೇ. ಈ ಕೊನೆಯದು ಇಲ್ಲದಿದ್ದರೆ ಅಂಗಳ ಪೂರ್ತಿ ಅಗೆಯುವ ಪಾಡು ತಪ್ಪುವುದಿಲ್ಲ. ಹೊರಗಿನಿಂದ ಬರುವವರಾದರೆ ಓಡಾಟದ ಖರ್ಚನ್ನು ಅಕ್ಕಪಕ್ಕದ ಮನೆಯವರು ಹಂಚಿಕೊಳ್ಳಬಹುದು.

ಬೀದಿಯ ಮ್ಯಾನ್‌ಹೋಲ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಅದು ಸ್ಥಳೀಯ ಸಂಸ್ಥೆಯ ಕೆಲಸ. ದೂರನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.