ಜೀವಂತ ಬಿಳಿಯ ರಕ್ತಕಣಗಳನ್ನು ಬೆಳಕಿನಿಂದ ಗುರುತಿಸುವ ಕ್ರಮ

ಹಸುವಿನ ಕೆಚ್ಚಲನ್ನು ರೋಗಾಣುಗಳು ಹೊಕ್ಕರೆ, ಅವನ್ನೆದುರಿಸಲು ರಕ್ತದಲ್ಲಿನ ಬಿಳಿಯ ಕಣಗಳು ಅಲ್ಲಿಗೆ ಬಂದು ಸೇರುವುವು. ಹಾಲಿನಲ್ಲಿ ಕಣಗಳ ಸಂಖ್ಯೆ ಮಿಲಿಲೀಟರಿಗೆ ೨ ಲಕ್ಷವನ್ನು ಮೀರಿದರೆ, ಹಾಲು ನೋಡಲು ಚೆನ್ನಾಗಿದ್ದರೂ, ಕೆಚ್ಚಲುಬಾವು ಒಳಗೊಳಗೇ ಇರುವುದೆಂದು ಸಂಶಯಪಡಬೇಕು. ಅಲಕ್ಷಿಸಿದರೆ ಕೆಚ್ಚಲಿನ ಆ ಭಾಗವು ಬತ್ತಿಹೋಗಬಹುದು.

ಈ ಕಣಗಳಿಗೆ ಸ್ವಂತ ಬಣ್ಣವಿಲ್ಲ. ಆದುದರಿಂದ ಅವನ್ನು ಗಾಜಿನ ಮೇಲೆ ಒಣಗಿಸಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ರೂಢಿ. ಕೊಟ್ಟಿಗೆಯಲ್ಲಿ ಸಾಬೂನಿನಂಥ ದ್ರಾವಣದಿಂದ ಹಾಲನ್ನು ಪರೀಕ್ಷಿಸುವಾಗಲೂ ಕಣಗಳು ಒಡೆದುಹೋಗುತ್ತವೆ. ಸತ್ತ ಕಣದಿಂದ ಅದರ ಜಾತಿಯೂ ಸಂಖ್ಯೆಯೂ ತಿಳಿದಾವು. ಅದರ ನಡೆಯನ್ನು ಕಾಣಲಾಗದು.

ಜೀವಂತ ಕಣಗಳ ನಡೆಯನ್ನು ೧೮೮೨ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿಯು ಕಂಡನು. ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಮರುದಿನ ನೋಡಲಾಗಿ, ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು.

ಈಗಿನ ಕ್ರಮವು ಕಣದೊಳಗಿನ ಬೆಳಕನ್ನೇ ಆಶ್ರಯಿಸಿದೆ. ಆಹಾರದಿಂದ ಶಕ್ತಿಯನ್ನು ಪಡೆಯುವ ಕಾರ್ಯದಲ್ಲಿ ಪ್ರತಿ ಜೀವಕಣವೂ ಎನ್.ಎ.ಡಿ.ಎಚ್. ಎಂಬ ದ್ರವ್ಯವನ್ನು ಬಳಸುತ್ತದೆ. ನೇರಳಾತೀತ ಕಿರಣ ತಗಲಿದರೆ ಇದು ನೀಲಿಯಾಗಿ ಹೊಳೆಯುತ್ತದೆ. ದ್ರವ್ಯವು ಬಿಡಿಯಾಗಿದ್ದರೆ ಹೊಳಪು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಅರ್ಧದೊಳಗೆ ಕುಂದುವುದು. ಸಸಾರಜನಕ ಅಣುವಿಗೆ ಅಂಟಿದ್ದರೆ ಅದರ ಕೆಲವು ಪಟ್ಟು ಕಾಲ ಉಳಿಯುವುದು. ಹೋರಾಟಕ್ಕೆ ಅಣಿಯಾದ ಕಣವು ಆಹಾರ ಬಳಸುವ ರೀತಿಯನ್ನು ಬದಲಿಸುವುದರಿಂದ, ಹೊಳಪಿನ ಕಾಲವೂ ಬದಲಾಗುತ್ತದೆ. ಅಮೆರಿಕದ ಮ್ಯಾಡಿಸನ್ ನಗರದ ವಿಜ್ಞಾನಿಗಳು ೨೦೨೦ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮನುಷ್ಯರಕ್ತದ ಟಿ-ಕಣಗಳಲ್ಲಿ ಎಚ್ಚೆತ್ತವನ್ನೂ ಸುಮ್ಮನಿದ್ದವನ್ನೂ ಬಣ್ಣವಿಲ್ಲದೆಯೇ ನೂರಕ್ಕೆ ೯೦ಕ್ಕಿಂತ ಹೆಚ್ಚು ಸಲ ಸರಿಯಾಗಿ ಬೇರ್ಪಡಿಸಿದರು. ಹೀಗೆ ನೋಡಿದ ಕಣವು ಬದುಕಿಯೇ ಇರುವುದರಿಂದ ಅದನ್ನು ಮುಂದೆಯೂ ಉಪಯೋಗಿಸಬಹುದು.

ಆದರೆ ಈ ಉಪಕರಣಗಳು ಬೆಲೆಯುಳ್ಳವು, ಪ್ರಯೋಗಶಾಲೆಗೆ ಸೇರಿದವು. ಈ ಬೆಳಕು ಮಾಂಸದಲ್ಲಿ ಆಳವಾಗಿ ಇಳಿಯಲಾರದು. ಕೊಟ್ಟಿಗೆಯ ಕೆಲಸಕ್ಕೆ ಇವನ್ನು ಕಾಯತಕ್ಕದ್ದಲ್ಲ. ಗ್ರಾಮದ ಮುಖಂಡರೂ ಭೂಮಾಲೀಕರೂ ತಮ್ಮ ಆಳುಗಳಿಗೆ ಈ ಮೂರನ್ನು ಕಲಿಸುವುದು ಉತ್ತಮ: ಕರೆಯುವ ಮುನ್ನ ಕೈಯನ್ನೂ ಮೊಲೆತೊಟ್ಟುಗಳನ್ನೂ ಶುಚಿಮಾಡುವುದು; ಪ್ರತಿ ತೊಟ್ಟಿನ ಮೊದಲ ಕೆಲವು ಧಾರೆಗಳನ್ನು ಕಪ್ಪು ತಟ್ಟೆಗೆ ಕರೆದು ಗರಣೆ ಇದೆಯೇ ಎಂದು ನೋಡುವುದು; ಕಂಡರೆ ತಡಮಾಡದೆ ಪಶುವೈದ್ಯರಿಗೆ ತಿಳಿಸುವುದು.