ಜೋಡಿ ರಾಬಿನ್‌ಗಳ ಛಾಯಾಚಿತ್ರಣ

ರಾಬಿನ್ ಎಂದೊಡನೆ ಇಂಗ್ಲಿಷ್ ಪದ್ಯಗಳನ್ನು ಓದಿದ ನಮಗೆ ಕೆಂಪು ಎದೆಯ ಪುಟ್ಟ ಹಕ್ಕಿಯೊಂದು ನೆನಪಿಗೆ ಬರುವುದು. ಹಿಮ ಬಿದ್ದ ಬೇಲಿಯ ಮೇಲೆ ಅದು ಕುಳಿತಿರುವ ಚಿತ್ರವನ್ನು ಕ್ರಿಸ್‌ಮಸ್ ಕಾರ್ಡುಗಳಲ್ಲಿ ಕಾಣುತ್ತೇವೆ. ಅದು ಯುರೋಪಿನ ಹಕ್ಕಿ. ನಮ್ಮ ಸೀಮೆಗೆ ಬರುವುದಿಲ್ಲ. ಆದರೆ ಬೈಲಹೊಂಗಲದ ಹೊಲಗಳ ಒಡ್ಡಿನ ಮೇಲೆ, ಕಿತ್ತೂರಿನ ಹಾಳುಗೋಡೆಗಳ ಸಂದಿಯಲ್ಲಿ, ಸವದತ್ತಿಯ ಗುಡ್ಡದ ಬಂಡೆಗಳ ನಡುವೆ, ರಾಮದುರ್ಗದ ಕುರುಚಲು ಬಯಲಿನಲ್ಲಿ ಇನ್ನೊಂದು ರಾಬಿನ್ ಉಂಟು. ಊರ ನೆನಪಿನಲ್ಲಿದ್ದ ಇಂಗ್ಲಿಷರು ಪರದೇಶದ ಅನೇಕ ಹಕ್ಕಿಗಳಿಗೆ ತಮ್ಮ ರಾಬಿನ್ನಿನ ಹೆಸರನ್ನೇ ಇಟ್ಟರು. ಇದಕ್ಕೂ ಇಂಡಿಯನ್ ರಾಬಿನ್ ಎಂಬ ಹೆಸರು ನಿಂತಿತು.

ಗಂಡು ಮಿರುಗುವ ಕರಿಯ ಬಣ್ಣದ್ದು. ಹೆಗಲ ಹತ್ತಿರ ರೆಕ್ಕೆಯಲ್ಲಿ ಬಿಳಿಯ ಮಚ್ಚೆ. ಹೆಣ್ಣು ಬೂದಿ ಬೆರೆತ ಕಂದು. ಅದಕ್ಕೆ ಬಿಳಿ ಮಚ್ಚೆಯಿಲ್ಲ. ಎರಡಕ್ಕೂ ಬಾಲದ ಕೆಳಗೆ ಇಟ್ಟಿಗೆಯಂಥ ಕೆಂಪು, ಎರಡೂ ಬಾಲವನ್ನು ನೆಟ್ಟಗೆ ಎತ್ತಿ ನಡೆಯುವುವು. ಲಿನೇಯಸ್ ಪಂಡಿತನು ೧೭೫೮ರಲ್ಲಿ ಯುರೋಪಿನ ರಾಬಿನ್ನನ್ನೂ ೧೭೬೬ರಲ್ಲಿ ನಮ್ಮದನ್ನೂ ಹೆಸರಿಸುವಾಗ ಎರಡನ್ನೂ ಮೊಟಾಸಿಲ್ಲಾ ಎಂಬ ಒಂದೇ ಗುಂಪಿಗೆ ಸೇರಿಸಿದ್ದನು. ಇಂದಿನ ಶಾಸ್ತ್ರಜ್ಞರು ನಮ್ಮ ಹಕ್ಕಿಯನ್ನು ಮಡಿವಾಳ ಹಕ್ಕಿಯ ಗುಂಪಿನಲ್ಲಿ ಇಟ್ಟಿದ್ದಾರೆ. ಅಂದರೆ ಇವೆರಡು ರಾಬಿನ್‌ಗಳದು ದೂರದ ನೆಂಟಸ್ತಿಕೆ, ಅಷ್ಟೆ.

ಛಾಯಾಚಿತ್ರಗಾರನಿಗೆ ಇವೆರಡರ ಒಂದು ವ್ಯತ್ಯಾಸ ಬಹು ಮುಖ್ಯವಾದುದು. ಯುರೋಪಿನ ರಾಬಿನ್ನಿನಲ್ಲಿ ಗಂಡುಹೆಣ್ಣು ನೋಡಲು ಒಂದೇ. ಡೇವಿಡ್ ಲ್ಯಾಕ್ ಎಂಬ ವಿದ್ವಾಂಸನು ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಹಕ್ಕಿಗಳ ಕಾಲಿಗೆ ಬಣ್ಣದ ಬಳೆ ತೊಡಿಸಿ ಒಂದೊಂದನ್ನೂ ಗುರುತಿಟ್ಟು, ೧೯೪೩ರಲ್ಲಿ ಅವುಗಳ ಜೀವನ ಕುರಿತು ಪುಸ್ತಕ ಬರೆದನು. ಚಳಿಗಾಲದಲ್ಲಿ ಹೆಣ್ಣೂ ತನ್ನದೇ ಸೀಮೆ ಕಟ್ಟಿಕೊಂಡು ಹಾಡುವುದು. ಬೇರೆ ರಾಬಿನ್ ಬಂದರೆ ಕಾದಾಡುವುದು. ಹತ್ತಿ ತುಂಬಿದ ಸತ್ತ ರಾಬಿನ್ನನ್ನು, ಕಡೆಗೆ ಬರಿಯ ಕೆಂಪು ಪುಕ್ಕದ ಗೊಂಚಲನ್ನು ಇಟ್ಟರೂ ಅವು ಮೇಲೆರಗಿದವು. ಆದುದರಿಂದ ಅಲ್ಲಿ ಜೋಡಿಯ ಚಿತ್ರ ತೆಗೆದರೂ ಯಾವುದು ಗಂಡು, ಯಾವುದು ಹೆಣ್ಣು ಎಂದು ಹೇಳುವುದು ಕಷ್ಟ. ನಮ್ಮಲ್ಲಿ ಹಾಗಲ್ಲ, ಒಂದೇ ಚಿತ್ರದಲ್ಲಿ ಇಬ್ಬರ ಗುರುತೂ ಸಿಗುವುದು. ಆದರೂ ನಮ್ಮವರು ತೆಗೆದ ಚಿತ್ರಗಳಲ್ಲಿ ಗಂಡೇ ಹೆಚ್ಚು. ಕಂದು ಬಣ್ಣದ ಹೆಣ್ಣನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಜೋಡಿಯನ್ನು ಸೆರೆಹಿಡಿಯಬೇಕಾದರೆ ಮೊದಲ ಕೆಲವು ದಿನ ಕ್ಯಾಮರಾ ಮನೆಯಲ್ಲಿಯೇ ಇರಲಿ. ಗಂಡಿಗೆ ನಿಶ್ಚಿತವಾದ ಕೂಡುವ ಜಾಗಗಳಿರುತ್ತವೆ: ಬಾವಿಯ ಕಟ್ಟೆ, ಒಡ್ಡಿನ ಎತ್ತರದ ಕಲ್ಲು, ಬೇಲಿಯ ಗೂಟ. ಹೆಣ್ಣು ಸಾಮಾನ್ಯವಾಗಿ ಕೆಳಗೆ ನೆಲದ ಮೇಲೆ ಹುಳ ಹುಡುಕುತ್ತಿರುವುದು. ಈ ಜಾಗಗಳನ್ನೂ ಹೊತ್ತನ್ನೂ ಒಂದು ಹಾಳೆಯಲ್ಲಿ ಗುರುತು ಮಾಡಿಕೊಂಡರೆ ಎಲ್ಲಿ ಇಬ್ಬರೂ ಹತ್ತಿರ ಬರುವರೆಂಬುದು ತಿಳಿಯುವುದು. ನಮ್ಮ ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳಿಂದ ಹತ್ತು ಮಾರಿನೊಳಗೆ ಈ ಹಕ್ಕಿಗಳು ನಿರ್ಭಯವಾಗಿ ಓಡಾಡುವುವು. ಕ್ಯಾಮರಾ ಹಿಡಿದು ನೆಟ್ಟಗೆ ನಿಂತವನನ್ನು ಕಂಡರೆ ಮಾತ್ರ ಹಾರಿಹೋಗುವುವು. ಇದನ್ನು ಮನೆಯಲ್ಲಿ ಹೇಳಿದಾಗ ಅವ್ವ, "ನೀ ಅದನ್ನ ಹಂಗ ದಿಟ್ಟಿಸಿ ನೋಡಬ್ಯಾಡ. ಕುಂತು ನಿನ್ನ ಕೆಲಸಾ ನೀ ಮಾಡು, ತಾನ ಬರತೈತಿ" ಅಂದಳು. ಯಾವ ಛಾಯಾಗ್ರಹಣದ ಪುಸ್ತಕದ ಮಾತಿಗೂ ಇದು ಕಡಿಮೆಯಲ್ಲ. ಕುಳಿತೇ ಇರಬೇಕು, ತಲೆ ತಗ್ಗಿಸಿರಬೇಕು, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮರಾ ಇಳಿಸಬೇಕು.

ಇನ್ನು ಬೆಳಕಿನ ಮಾತು. ಕರಿಯ ಹಕ್ಕಿ ಕ್ಯಾಮರಾಕ್ಕೆ ದೊಡ್ಡ ಪರೀಕ್ಷೆ. ಬೆಳಕನ್ನು ಅಳೆಯುವ ಯಂತ್ರವು ಎಲ್ಲವನ್ನೂ ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಕರಿಯ ಗಂಡೇ ಚೌಕಟ್ಟನ್ನು ತುಂಬಿದರೆ ಅದು ಬೆಳಕನ್ನು ಹೆಚ್ಚಿಸುವುದು. ಕಪ್ಪು ಬೂದಿಯಾಗಿ, ಹೆಗಲ ಬಿಳುಪು ಸುಣ್ಣ ಬಳಿದಂತಾಗುವುದು. ಹಿಂದೆ ಬೆಳಗುವ ಆಕಾಶವಿದ್ದರೆ ಬೆಳಕನ್ನು ಇಳಿಸುವುದು. ಆಗ ಹಕ್ಕಿ ಇದ್ದಲ್ಲಿ ಕಪ್ಪು ತೂತು ಮಾತ್ರ ಉಳಿಯುವುದು. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ ಒಳ್ಳೆಯದು. ಆಗಿನ ಓರೆ ಬಿಸಿಲಿಗೆ ಗರಿಗಳ ನೀಲಿ ಮಿರುಗು ಕಾಣುವುದು. ಹಿನ್ನೆಲೆಯನ್ನೂ ಆರಿಸಬೇಕು. ಬೈಲಹೊಂಗಲದ ಎರೆಭೂಮಿಯಲ್ಲಿ ಗಂಡು ಕರಗಿಹೋಗುವುದು, ಹೆಣ್ಣು ಎದ್ದು ಕಾಣುವುದು; ರಾಮದುರ್ಗದ ಮರಳುಗಲ್ಲಿನ ಮೇಲೆ ಇದಕ್ಕೆ ವಿರುದ್ಧ. ಒಣಗಿದ ಹುಲ್ಲಿನ ಹಿನ್ನೆಲೆ ಇಬ್ಬರಿಗೂ ನ್ಯಾಯ ಮಾಡುತ್ತದೆಂದು ನನಗೆ ತೋರಿದೆ. ಬಾಲ ಕುಣಿಸುವ ಹಕ್ಕಿಯಾದುದರಿಂದ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ವೇಗ ಬೇಕು. ಎರಡೂ ಸ್ಪಷ್ಟವಾಗಲು ರಂಧ್ರವನ್ನು ಎಫ್ ೮ರಷ್ಟು ಕಿರಿದಾಗಿಸಿ, ಇಬ್ಬರೂ ನಮ್ಮಿಂದ ಸಮದೂರದಲ್ಲಿ ಬರುವ ಗಳಿಗೆಗೆ ಕಾಯಬೇಕು. ಬೆಳಕು ಸಾಲದಿದ್ದರೆ ವೇಗವನ್ನು ಬಿಡದೆ ಐಎಸ್ಓ ಏರಿಸುವುದೇ ಮೇಲು.

ಸಮದೂರದಲ್ಲಿ ಇಬ್ಬರೂ ತಪ್ಪದೆ ಬರುವ ಸ್ಥಳ ಒಂದೇ ಒಂದು: ಗೂಡಿನ ಬಾಯಿ. ತಗಾದೆ ಇರುವುದೂ ಇಲ್ಲಿಯೇ. ಗೋಡೆಯ ತೂತಿನಲ್ಲಿ, ಕಲ್ಲಿನ ಸಂದಿಯಲ್ಲಿ ಹುಲ್ಲು, ಕೂದಲು, ಎಷ್ಟೋ ಸಲ ಹಾವಿನ ಪೊರೆಯನ್ನೂ ಹಾಸಿ ಇದು ಗೂಡು ಕಟ್ಟುವುದು. ಎರಡು ಮೂರು ತತ್ತಿ. ಕಾವು ಕೊಡುವುದು ಹೆಣ್ಣೊಂದೇ. ಮರಿಗಳಿಗೆ ಉಣಿಸಲು ಮಾತ್ರ ಇಬ್ಬರೂ ಬರುವರು. ಛಾಯಾಚಿತ್ರಗಾರನು ಎದುರಿಗೆ ಕುಳಿತನೆಂದರೆ ಅವು ಬಾಯಲ್ಲಿ ಹುಳ ಹಿಡಿದು ದೂರದಲ್ಲಿಯೇ ಕೂಗುತ್ತ ನಿಲ್ಲುವುವು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಅಷ್ಟು ಹೊತ್ತು ಮರಿಗಳು ಹಸಿದಿರುವುವು. ಚಿತ್ರ ಚೊಕ್ಕಟವಾಗಲೆಂದು ತೂತಿನ ಮುಂದಿನ ಹುಲ್ಲು ಕಿತ್ತರೆ ನೆರಳು ಹೋಯಿತು, ಮರೆಯೂ ಹೋಯಿತು. ಮಿಕ್ಕ ಕೆಲಸವನ್ನು ಕಾಗೆ ಮುಂಗುಸಿಗಳು ಮುಗಿಸುವುವು.

ಹಿಂದಿನವರು ಗೂಡಿನ ಹತ್ತಿರವೇ ಚಿತ್ರ ತೆಗೆಯುತ್ತಿದ್ದರಲ್ಲ ಎಂದು ಕೇಳುವವರುಂಟು. ಇಂಗ್ಲೆಂಡಿನ ಕೀರ್ಟನ್ ಸಹೋದರರು ೧೮೯೨ರಲ್ಲಿ ತತ್ತಿಗಳಿದ್ದ ಗೂಡಿನ ಚಿತ್ರ ತೆಗೆದರು. ಮುಂದೆ ಟೊಳ್ಳು ಮಾಡಿದ ಎತ್ತಿನ ಚರ್ಮದೊಳಗೆ ಅಡಗಿ ಕುಳಿತದ್ದೂ ಉಂಟು. ಅವರ ಕ್ಯಾಮರಾ ಭಾರವಾದುದು, ಗಾಜಿನ ಫಲಕಗಳು ನಿಧಾನವಾದುವು. ಹಕ್ಕಿ ಖಂಡಿತವಾಗಿ ಬರುವ ಜಾಗ ಅವರಿಗೆ ಬೇರೆ ಇರಲಿಲ್ಲ. ನಮ್ಮ ನಾಡಿನಲ್ಲಿ ಟಿ. ಎನ್. ಎ. ಪೆರುಮಾಳ್, ಎಂ. ವೈ. ಘೋರ್ಪಡೆ, ಪೂರ್ಣಚಂದ್ರ ತೇಜಸ್ವಿಯವರು ಫಿಲ್ಮಿನ ಕಾಲದಲ್ಲಿ ದುಡಿದವರು. ಒಂದೊಂದು ಚಿತ್ರಕ್ಕೂ ಹಣ ಎಣಿಸಬೇಕಿದ್ದ ಕಾಲವದು. ಇಂದು ಎರವಲು ತಂದ ಕ್ಯಾಮರಾದಲ್ಲಿಯೂ ೪೦೦ ಮಿಲಿಮೀಟರಿನ ಲೆನ್ಸ್ ಸಿಗುವುದು, ಸಾವಿರ ಚಿತ್ರಕ್ಕೆ ಒಂದು ಪೈ ಖರ್ಚಿಲ್ಲ. ಆ ನೆಪ ನಮಗಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಗೂಡು ತತ್ತಿಗಳನ್ನು ಕೆಡಿಸುವುದನ್ನೂ ಬೇಟೆಯೆಂದೇ ಎಣಿಸುತ್ತದೆ.

ಮೊಬೈಲಿನಲ್ಲಿ ಹಕ್ಕಿಯ ಹಾಡು ನುಡಿಸಿ ಗಂಡನ್ನು ಕರೆಯುವ ರೂಢಿಯೂ ಬಂದಿದೆ. ಲ್ಯಾಕ್‌ನ ಹತ್ತಿ ತುಂಬಿದ ಹಕ್ಕಿ ನೆನಪಿರಲಿ. ಅವನು ಒಂದು ಪ್ರಶ್ನೆಗೆ ಉತ್ತರ ಹುಡುಕಲು ಮಾಡಿದುದನ್ನು ಈಗ ಬಂದವರೆಲ್ಲ ದಿನವೂ ಮಾಡಿದರೆ, ಇಲ್ಲದ ವೈರಿಯನ್ನು ಹುಡುಕುತ್ತ ಆ ಗಂಡು ಮೇಯುವುದನ್ನೇ ಬಿಡುವುದು.

ಹಾಗಾದರೆ ಜೋಡಿ ಸಿಗುವುದೆಂತು? ಗೂಡು ಕಟ್ಟುವ ಮೊದಲು ಗಂಡು ಎದೆಯುಬ್ಬಿಸಿ, ಬಾಲವನ್ನು ಬೆನ್ನ ಮೇಲೆ ಬಾಗಿಸಿ ಹೆಣ್ಣಿನ ಮುಂದೆ ಹಾಡುತ್ತ ಸುಳಿಯುವುದು. ಆ ದಿನಗಳೇ ನಮ್ಮವು. ಮತ್ತೆ ಮರಿಗಳು ಹಾರಿದ ಮೇಲೆ ಇಡೀ ಸಂಸಾರ ಒಡ್ಡಿನ ಸುತ್ತ ಕೆಲವು ಕಾಲ ಇರುವುದು, ಆಗಲೂ ಅವಕಾಶವುಂಟು. ಕಿತ್ತೂರಿನ ಕೋಟೆಗೆ ಜನ ಬರುವ ಮುಂಚೆ, ಬೆಳಗಿನ ಜಾವದಲ್ಲಿಯೇ ಹೋಗಬೇಕು. ಸವದತ್ತಿಯಲ್ಲಿ ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳನ್ನು ಬಿಟ್ಟು ಉಳಿದ ದಿನ ಆರಿಸಬೇಕು. ಚಿತ್ರದ ಜೊತೆಗೆ ತಾರೀಖು, ಊರು, ಹೊತ್ತು, ಜೋಡಿ ಏನು ಮಾಡುತ್ತಿತ್ತು ಎಂಬುದನ್ನು ಬರೆದಿಡುವುದು ಅವಶ್ಯ. ಈ ನಾಲ್ಕು ಊರುಗಳ ಸೀಮೆಯಲ್ಲಿ ಹಳೆಯ ಕಲ್ಲುಮಣ್ಣಿನ ಗೋಡೆ ಬಿದ್ದು ತೂತಿಲ್ಲದ ಸಿಮೆಂಟಿನ ಗೋಡೆ ಏಳುತ್ತಿವೆ. ಯಾವ ಗೋಡೆಯ ಮೇಲೆ ಯಾವ ವರ್ಷ ಜೋಡಿ ಇತ್ತೆಂಬುದು ಅಂಥ ಬರಹದಿಂದಲೇ ಮುಂದಿನವರಿಗೆ ತಿಳಿಯತಕ್ಕದ್ದು.