ಸುತ್ತಿಗೆ ಬಿದ್ದದ್ದು ಯಾರ ತಲೆಗೆ?

ಮೊಮ್ಮಗಳು ಕಳಿಸಿದ ಮೀಮ್ ನೋಡಿ ನಗು ಬರಲಿಲ್ಲ ಅಂದಮಾತ್ರಕ್ಕೆ ನಿಮ್ಮ ಹಾಸ್ಯಪ್ರಜ್ಞೆಗೆ ವಯಸ್ಸಾಯಿತೆಂದು ತಿಳಿಯಬೇಡಿ. ಕಥೆ ಅರ್ಧ ನಡೆದ ಮೇಲೆ ಬಂದು ಕೂತಿದ್ದೀರಿ, ಅಷ್ಟೇ. ಇಂಟರ್ನೆಟ್ಟಿನ ನಗೆಯಲ್ಲಿ ಅರ್ಧ ಪಾಲು ಪರದೆಯ ಮೇಲಿರುತ್ತದೆ, ಇನ್ನರ್ಧ ನೋಡುವವರ ನೆನಪಿನಲ್ಲಿರುತ್ತದೆ. ಆ ನೆನಪು ಇಲ್ಲದವರಿಗೆ ಕಾಣುವುದು ಯಾರೋ ಮುಖ ಕಿವುಚಿಕೊಂಡ ಫೋಟೊ, ಅದರ ಮೇಲೆ ಎರಡು ಸಾಲು ಅಕ್ಷರ. ಇದರಲ್ಲಿ ನಗುವುದೇನಿದೆ ಎಂದು ಅವರಿಗೆ ಅನ್ನಿಸಿದರೆ ಅದು ನ್ಯಾಯವೇ.

ಹಾಗೆ ತಡವಾಗಿ ಬಂದವರಿಗಾಗಿ ಈ ಪಾಠ. ವ್ಯಾಖ್ಯೆ ಹೇಳಿ ನಿಮ್ಮನ್ನು ಆಕಳಿಸುವಂತೆ ಮಾಡುವುದಿಲ್ಲ. ಒಂದು ಸುತ್ತಿಗೆಯಿಂದ ಶುರು ಮಾಡೋಣ.

2019ರ ಮೇ ತಿಂಗಳ ಕೊನೆ. ಸಿವಿಲ್ ಎಂಜಿನಿಯರಿಂಗ್ ಕಲಿಯುವವರಿಗೆಂದು ಪಾಕಿಸ್ತಾನದವರು ನಡೆಸುತ್ತಿದ್ದ ಫೇಸ್‌ಬುಕ್ ಪುಟವೊಂದು ಸುತ್ತಿಗೆಯ ಚಿತ್ರ ಹಾಕಿ, ನಿಮ್ಮ ದೇಶದಲ್ಲಿ ಈ ಸಲಕರಣೆಗೆ ಏನೆನ್ನುತ್ತಾರೆ ಎಂದು ಕೇಳಿತು. ತಮಿಳು ಯುವಕನೊಬ್ಬ ಉತ್ತರ ಬರೆದ. ಇದಕ್ಕೆ ಸುತ್ತಿಯಲ್ ಎನ್ನುತ್ತೇವೆ, ಹೊಡೆದರೆ ಟಣ್ ಟಣ್ ಎಂದು ಸದ್ದು ಬರುತ್ತದೆ, ಪೇಂಟಿಂಗ್ ಕಾಂಟ್ರ್ಯಾಕ್ಟರ್ ನೇಸಮಣಿಯವರ ತಲೆ ಜಮೀನ್ದಾರರ ಅರಮನೆಯಲ್ಲಿ ಒಡೆದದ್ದು ಇದರಿಂದಲೇ, ಪಾಪ ಎಂದು. ಅದರ ಕೆಳಗೆ ಇನ್ನೊಬ್ಬರು, ಈಗ ಅವರು ಹೇಗಿದ್ದಾರೆ ಎಂದು ವಿಚಾರಿಸಿದರು.

ನೇಸಮಣಿ ಎಂಬ ಮನುಷ್ಯ ಇಲ್ಲವೇ ಇಲ್ಲ. 2001ರ ತಮಿಳು ಸಿನಿಮಾ ‘ಫ್ರೆಂಡ್ಸ್’ನಲ್ಲಿ ವಡಿವೇಲು ಮಾಡಿದ ಪಾತ್ರ ಅದು. ಕೆಲಸ ಬಾರದ ಹುಡುಗರನ್ನು ಕಟ್ಟಿಕೊಂಡು ದೊಡ್ಡ ಮನೆಗೆ ಬಣ್ಣ ಹೊಡೆಸಲು ಬರುವ ಮೇಸ್ತ್ರಿ. ಆ ಹುಡುಗರ ಪೈಕಿ ಒಬ್ಬನ ಕೈಜಾರಿದ ಸುತ್ತಿಗೆ ಮೇಲಿನಿಂದ ನೇರ ಇವನ ತಲೆಗೆ ಬರುತ್ತದೆ. ಟಿ.ವಿ.ಯಲ್ಲಿ ಮತ್ತೆ ಮತ್ತೆ ಬಂದು ತಮಿಳುನಾಡಿನ ಒಂದು ಇಡೀ ತಲೆಮಾರಿಗೆ ಬಾಯಿಪಾಠವಾಗಿರುವ ದೃಶ್ಯ ಇದು.

ಮೇ 29ರಂದು ಟ್ವಿಟರ್‌ನಲ್ಲಿ ನೇಸಮಣಿಗಾಗಿ ಪ್ರಾರ್ಥಿಸಿ ಎಂಬ ಹ್ಯಾಶ್‌ಟ್ಯಾಗ್ ಎದ್ದಿತು. ಅದರ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು, ಆ ತಪ್ಪು ಕಾಗುಣಿತವೇ ಜಗತ್ತು ಸುತ್ತಿತು. ಆಸ್ಪತ್ರೆಯ ಹೆಸರಿನಲ್ಲಿ ನಕಲಿ ವೈದ್ಯಕೀಯ ಬುಲೆಟಿನ್‌ಗಳು, ಬ್ರೇಕಿಂಗ್ ನ್ಯೂಸ್ ಪಟ್ಟಿ ಇರುವ ನಕಲಿ ಟಿ.ವಿ. ಚಿತ್ರಗಳು, ಪಟ್ಟಿ ಕಟ್ಟಿದ ತಲೆಯ ವಡಿವೇಲು. ಮರುದಿನ ದೆಹಲಿಯಲ್ಲಿ ನರೇಂದ್ರ ಮೋದಿ ಎರಡನೇ ಸಲ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸುವವರಿದ್ದರು. ಅಂಥ ಹೊತ್ತಿನಲ್ಲಿ ಹದಿನೆಂಟು ವರ್ಷ ಹಳೆಯ ಸಿನಿಮಾದ ಕಾಲ್ಪನಿಕ ಗಾಯಾಳುವೊಬ್ಬ ಜಗತ್ತಿನ ಟ್ರೆಂಡಿಂಗ್ ಪಟ್ಟಿಯಲ್ಲಿದ್ದ. ಉತ್ತರ ಭಾರತದವರು, ವಿದೇಶದವರು, ಯಾರಿದು ನೇಸಮಣಿ, ನಿಜವಾಗಿಯೂ ಪೆಟ್ಟಾಗಿದೆಯೇ ಎಂದು ಕೇಳತೊಡಗಿದರು. ಅವರು ಹಾಗೆ ಕೇಳಿದಷ್ಟೂ ಗೊತ್ತಿದ್ದವರಿಗೆ ನಗು ಉಕ್ಕಿತು.

ಈಗ ನಿಧಾನವಾಗಿ ಬಿಡಿಸಿ ನೋಡೋಣ. ಸುತ್ತಿಗೆಯ ಚಿತ್ರದಲ್ಲಿ ಹಾಸ್ಯವೇನೂ ಇಲ್ಲ. ಸಿನಿಮಾದ ದೃಶ್ಯದಲ್ಲಿ ಹಾಸ್ಯವಿದೆ, ಆದರೆ ಅದು ಹಳೆಯದು, ಎಲ್ಲರೂ ನಕ್ಕು ಮುಗಿಸಿದ್ದು. ಹೊಸ ನಗು ಹುಟ್ಟಿದ್ದು ಎರಡೂ ಎದುರುಬದುರಾದ ಜಾಗದಲ್ಲಿ. ಪಠ್ಯಪುಸ್ತಕದಂಥ ಪ್ರಶ್ನೆಗೆ ಒಬ್ಬ ಮುಖ ಗಂಟಿಕ್ಕಿಕೊಂಡೇ ಸಿನಿಮಾದ ಸುಳ್ಳನ್ನು ಸಾಕ್ಷಿ ಹೇಳಿದ. ಯಕ್ಷಗಾನದ ಹಾಸ್ಯಗಾರ ಪುರಾಣದ ನಡುವೆ ನಿಂತು ಊರಿನ ಪಂಚಾಯಿತಿಯ ಮಾತು ತೆಗೆದಾಗ ಸಭೆ ನಗುವುದು ಇದೇ ಕಾರಣಕ್ಕೆ. ಪ್ರಸಂಗವೂ ಗೊತ್ತು, ಪಂಚಾಯಿತಿಯೂ ಗೊತ್ತು, ಎರಡೂ ಒಂದೇ ರಂಗಸ್ಥಳದಲ್ಲಿ ಸಿಕ್ಕಿದ್ದು ಹೊಸದು.

ಆ ನಕಲಿ ಬುಲೆಟಿನ್‌ಗಳ ಬಗ್ಗೆ ಇನ್ನೊಂದು ಮಾತು, ಇದು ನನ್ನ ಊಹೆ. 2016ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಎಪ್ಪತ್ತೈದು ದಿನ ಚೆನ್ನೈನ ಆಸ್ಪತ್ರೆಯಲ್ಲಿದ್ದಾಗ ತಮಿಳರು ಬುಲೆಟಿನ್‌ಗಳನ್ನು ಕಾದು ಓದಿದ್ದರು. ಆ ಗಂಭೀರ ಭಾಷೆ, ಆ ಒಕ್ಕಣೆ ಅವರಿಗೆ ತುದಿನಾಲಿಗೆಯಲ್ಲಿತ್ತು. ಮೂರು ವರ್ಷದ ಮೇಲೆ ಅದೇ ಒಕ್ಕಣೆಯಲ್ಲಿ ನೇಸಮಣಿಯ ಆರೋಗ್ಯ ವರದಿ ಬಂದಾಗ ನಗುವಿನ ಅಡಿಯಲ್ಲಿ ಇನ್ನೇನೋ ಸಡಿಲಗೊಂಡಿರಬೇಕು. ಹೊರಗಿನವರಿಗೆ ಇದು ಹುಚ್ಚಾಟವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಮೀಮ್ ಎಂಬ ಹೆಸರನ್ನು ಕೊಟ್ಟದ್ದು ಬ್ರಿಟಿಷ್ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, 1976ರ ‘ದಿ ಸೆಲ್ಫಿಶ್ ಜೀನ್’ ಪುಸ್ತಕದಲ್ಲಿ. ಒಬ್ಬರಿಂದೊಬ್ಬರಿಗೆ ನಕಲಾಗುತ್ತಾ ಹರಡುವ ವಿಚಾರಗಳಿಗೆ ಅವರು ಇಟ್ಟ ಹೆಸರು. ರಸಪ್ರಶ್ನೆಗೆ ಇದು ಬೇಕಾದೀತು, ಜೋಕು ತಿಳಿಯಲು ಬೇಕಿಲ್ಲ. ನಮ್ಮಲ್ಲಿ ಬಹಳ ಜನ ಇದೆಲ್ಲಕ್ಕೂ ಒಟ್ಟಿಗೆ ‘ಟ್ರೋಲ್’ ಎಂದುಬಿಡುತ್ತಾರೆ. ಇಂಥದ್ದನ್ನು ಹಾಕುವ ಪುಟ ಟ್ರೋಲ್ ಪೇಜ್, ನಡೆಸುವವನು ಅಡ್ಮಿನ್.

ಎರಡನೇ ಪಾಠಕ್ಕೆ ಒಂದು ಫೋಟೊ ತೆಗೆದುಕೊಳ್ಳೋಣ. ನೀವು ಖಂಡಿತ ನೋಡಿರುತ್ತೀರಿ. ರಸ್ತೆಯಲ್ಲಿ ಪ್ರೇಯಸಿಯ ಕೈ ಹಿಡಿದು ಹೋಗುತ್ತಿರುವ ಹುಡುಗ, ಎದುರಿನಿಂದ ದಾಟಿಹೋದ ಇನ್ನೊಬ್ಬ ಹುಡುಗಿಯತ್ತ ಕತ್ತು ಹೊರಳಿಸಿ ನೋಡುತ್ತಿದ್ದಾನೆ. ಪ್ರೇಯಸಿ ಬಾಯಿ ತೆರೆದು ಅವನನ್ನೇ ದಿಟ್ಟಿಸುತ್ತಿದ್ದಾಳೆ. ಸ್ಪೇನಿನ ಛಾಯಾಗ್ರಾಹಕ ಆಂತೋನಿಯೊ ಗಿಯೆಮ್ 2015ರಲ್ಲಿ ಜಿರೋನಾ ನಗರದಲ್ಲಿ ತೆಗೆದದ್ದು. ಜಾಹೀರಾತಿಗೋ ಪತ್ರಿಕೆಗೋ ಬೇಕಾದವರು ಕೊಳ್ಳಲಿ ಎಂದು ಮಾರಾಟಕ್ಕಿಟ್ಟ ಚಿತ್ರ, ಅದರಲ್ಲಿರುವ ಮೂವರೂ ಮಾಡೆಲ್‌ಗಳು. 2017ರಲ್ಲಿ ಇದು ಲೋಕದ ಸೊತ್ತಾಯಿತು.

ಹೇಗೆಂದರೆ, ಮೂವರ ಮೇಲೂ ಜನ ಚೀಟಿ ಅಂಟಿಸತೊಡಗಿದರು. ಇಂಥ ಖಾಲಿ ಅಚ್ಚಿಗೆ ಟೆಂಪ್ಲೇಟ್ ಎನ್ನುತ್ತಾರೆ. ನೀವೇ ಒಂದು ಮಾಡಿ ನೋಡಿ. ಹುಡುಗನ ಮೇಲೆ ‘ನಾನು’ ಎಂದು ಬರೆಯಿರಿ. ಪ್ರೇಯಸಿಯ ಮೇಲೆ ‘ನಿನ್ನೆಯ ಹುಳಿ, ಬಿಸಿ ಮಾಡಿದ್ದು’. ದಾಟಿಹೋದವಳ ಮೇಲೆ ‘ಬೀದಿ ತುದಿಯ ಗೋಬಿ ಮಂಚೂರಿ’. ಮೀಮ್ ತಯಾರು. ನಗು ಬಂತೋ ಇಲ್ಲವೋ, ವ್ಯಾಕರಣ ತಿಳಿಯಿತಲ್ಲ. ಚಿತ್ರದಲ್ಲಿ ಒಂದು ಸಂಬಂಧವಿದೆ, ಇರಬೇಕಾದದ್ದು, ಸೆಳೆಯುತ್ತಿರುವುದು, ನಡುವೆ ಸಿಕ್ಕವನು. ಆ ಸಂಬಂಧ ಹಾಗೇ ಉಳಿಯುತ್ತದೆ, ಹೆಸರುಗಳಷ್ಟೇ ಬದಲಾಗುತ್ತವೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧಿಸಿತು. ಅಂದು ನಿಮ್ಮ ಕೈಲಿ ಈ ಅಚ್ಚು ಇದ್ದಿದ್ದರೆ ಚೀಟಿಗಳನ್ನು ಹೇಗೆ ಬದಲಿಸುತ್ತಿದ್ದಿರಿ? ಉತ್ತರ ಹೊಳೆದರೆ ನೀವು ಅಡ್ಮಿನ್ ಆಗಲು ಯೋಗ್ಯರು.

ಚಿತ್ರವೇ ಬೇಕೆಂದಿಲ್ಲ, ಮಾತೂ ಅಚ್ಚಾಗುತ್ತದೆ. ಕನ್ನಡದಲ್ಲಿ ಇದಕ್ಕೆ ‘ನಿಖಿಲ್ ಎಲ್ಲಿದ್ದೀಯಪ್ಪ’ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. 2016ರಲ್ಲಿ ನಿಖಿಲ್ ಕುಮಾರಸ್ವಾಮಿಯವರ ಮೊದಲ ಸಿನಿಮಾ ‘ಜಾಗ್ವಾರ್’ನ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ವೇದಿಕೆಯ ಮೇಲಿಂದ ಮಗನನ್ನು ಹೀಗೆ ಕೂಗಿ ಕರೆದರು, ಮಗ ಜನರ ನಡುವಿನಿಂದ ಉತ್ತರ ಕೊಟ್ಟರು. ಆಗ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಮೂರು ವರ್ಷ ಕಳೆಯಿತು. ಕುಮಾರಸ್ವಾಮಿ ಮುಖ್ಯಮಂತ್ರಿ, ನಿಖಿಲ್ ಮಂಡ್ಯ ಲೋಕಸಭಾ ಕ್ಷೇತ್ರದ ಅಭ್ಯರ್ಥಿ, ಎದುರಿಗೆ ಪಕ್ಷೇತರರಾಗಿ ಸುಮಲತಾ ಅಂಬರೀಶ್. ಯಾರೋ ಆ ಹಳೆಯ ವಿಡಿಯೊ ಹೊರತೆಗೆದರು. ಮಾತು ಅದೇ, ಸಂದರ್ಭ ಬೇರೆಯಾಯಿತು. ಸಿನಿಮಾ ವೇದಿಕೆಯ ಪ್ರೀತಿಯ ಕರೆ ಚುನಾವಣೆಯ ಹೊತ್ತಿಗೆ ತುಂಟ ಪ್ರಶ್ನೆಯಾಗಿ ಕೇಳಿಸಿತು.

ಆದರೆ ಅದು ಮಂಡ್ಯದಲ್ಲಿ ನಿಲ್ಲದೆ ರಾಜ್ಯ ದಾಟಿ ಹೋದದ್ದೇಕೆ? ಎಲ್ಲ ಮನೆಯ ತಂದೆಯೂ ಮಗನನ್ನು ಕರೆಯುವುದು ಇದೇ ಧಾಟಿಯಲ್ಲಿ. ಕ್ಲಾಸಿಗೆ ಬಾರದ ಗೆಳೆಯನಿಗೂ ಸಾಲ ಪಡೆದು ಮರೆಯಾದವನಿಗೂ ಅದು ಹೊಂದುತ್ತಿತ್ತು. ಹೆಸರು ತೆಗೆದು ಇನ್ನೊಂದು ಹೆಸರು ಹಾಕಿದರಾಯಿತು. ಆ ಸಾಲನ್ನೇ ಸಿನಿಮಾ ಶೀರ್ಷಿಕೆಯಾಗಿ ಪಡೆಯಲು ಫಿಲ್ಮ್ ಚೇಂಬರಿಗೆ ಅರ್ಜಿಗಳೂ ಹೋದವು. ಚುನಾವಣೆಯಲ್ಲಿ ಸುಮಲತಾ ಸುಮಾರು ಒಂದೂಕಾಲು ಲಕ್ಷ ಮತಗಳಿಂದ ಗೆದ್ದರು. ಮೀಮ್‌ನಿಂದಲೇ ಗೆದ್ದರು ಎನ್ನುವವರನ್ನು ಕೇಳಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಅದನ್ನು ನೋಡಿ ನಕ್ಕವರಲ್ಲಿ ಬಹುಪಾಲು ಜನಕ್ಕೆ ಮಂಡ್ಯದಲ್ಲಿ ಮತವೇ ಇರಲಿಲ್ಲ.

ಇನ್ನು ದನಿಯ ಅಚ್ಚೂ ಉಂಟು. 2020ರ ಆಗಸ್ಟ್‌ನಲ್ಲಿ ಯಶ್‌ರಾಜ್ ಮುಖಾಟೆ ಎಂಬ ಯುವ ಸಂಗೀತಗಾರ ‘ಸಾಥ್ ನಿಭಾನಾ ಸಾಥಿಯಾ’ ಎಂಬ ಹಳೆಯ ಹಿಂದಿ ಧಾರಾವಾಹಿಯಲ್ಲಿ ಅತ್ತೆ ಗದರುವ ಮಾತಿಗೆ ತಾಳ ಕಟ್ಟಿ ಹಾಡು ಮಾಡಿದರು. ಅಡುಗೆಮನೆಯಲ್ಲಿ ಯಾರಿದ್ದರು, ಕುಕ್ಕರಿನಿಂದ ಕಡಲೆ ತೆಗೆದವರು ಯಾರು ಎಂಬುದು ಕೊರೋನಾ ಕಾಲದ ಭಾರತಕ್ಕೆ ರಾಷ್ಟ್ರೀಯ ಪ್ರಶ್ನೆಯಾಯಿತು. ಧಾರಾವಾಹಿಯ ಒಂದು ಕಂತನ್ನೂ ನೋಡದವರು ಅತ್ತೆಯ ಮಾತು ಗುನುಗಿದರು. ಇಂದಿನ ರೀಲ್ಸ್‌ನಲ್ಲಿ ಅರ್ಧಕ್ಕರ್ಧ ನಡೆಯುವುದೇ ಹೀಗೆ, ದನಿ ಒಬ್ಬರದು, ತುಟಿ ಇನ್ನೊಬ್ಬರದು.

ಇಲ್ಲಿಯವರೆಗೆ ಬಂದವರು ಇನ್ನು ಮುಂದೆ ಯಾವ ಮೀಮ್ ಕಂಡರೂ ಎರಡು ಪ್ರಶ್ನೆ ಕೇಳಬಹುದು. ಮೂಲ ಯಾವುದು? ಬದಲಾಗಿದ್ದು ಏನು? ಮೂರನೆಯದನ್ನು ಕೇಳುವವರು ಕಡಿಮೆ, ಯಾರನ್ನು ನೋಡಿ ನಗುತ್ತಿದ್ದೇವೆ?

ವಡಿವೇಲು ನಟ, ನಗಿಸುವುದು ಅವರ ಕಸುಬು. ರಾಜಕಾರಣಿ ಸಾರ್ವಜನಿಕ ಬದುಕಿನಲ್ಲಿರುವವರು, ಲೇವಡಿಯನ್ನು ಎದುರಿಸಲು ಅವರಿಗೆ ವೇದಿಕೆಯಿದೆ. ಹಂಗೆರಿಯ ವಿದ್ಯುತ್ ಎಂಜಿನಿಯರ್ ಆಂದ್ರಾಶ್ ಅರಾತೊ ಅವರದು ನಡುವಿನ ಕಥೆ. ನಿವೃತ್ತಿಯ ಸುಮಾರಿಗೆ ಮಾಡೆಲ್ ಆಗಿ ತೆಗೆಸಿಕೊಂಡ ಫೋಟೊಗಳಲ್ಲಿ ಅವರ ತುಟಿ ನಗುತ್ತದೆ, ಕಣ್ಣು ಅಳುತ್ತದೆ. ನೋವು ನುಂಗಿ ನಗುವ ‘ಹೆರಾಲ್ಡ್’ ಎಂದು ಅಂತರ್ಜಾಲ ಅವರಿಗೆ ನಾಮಕರಣ ಮಾಡಿತು. ಮೊದಮೊದಲು ಅವರಿಗದು ಕಸಿವಿಸಿಯಾಗಿತ್ತು. ಕೊನೆಗೆ ಹೇಗೂ ಅಳಿಸಲಾಗದು ಎಂದುಕೊಂಡು ಒಪ್ಪಿದರು, ಊರೂರು ತಿರುಗಿ ಅದರ ಬಗ್ಗೆಯೇ ಭಾಷಣ ಮಾಡಿದರು. ಎಲ್ಲರಿಗೂ ಈ ಅದೃಷ್ಟವಿಲ್ಲ. 2003ರಲ್ಲಿ ಕ್ಯಾನಡಾದ ಶಾಲಾ ಹುಡುಗನೊಬ್ಬ ತನ್ನ ಪಾಡಿಗೆ ಕೋಲು ತಿರುಗಿಸುತ್ತಾ ಸಿನಿಮಾ ಹೀರೊನಂತೆ ಆಡಿದ್ದ ವಿಡಿಯೊವನ್ನು ಸಹಪಾಠಿಗಳು ಅವನಿಗೆ ಹೇಳದೆ ಹಂಚಿದರು. ಜಗತ್ತು ನಕ್ಕಿತು. ಹುಡುಗ ಶಾಲೆ ಬಿಟ್ಟ, ಮನೆಯವರು ನ್ಯಾಯಾಲಯಕ್ಕೆ ಹೋದರು. ಆಗ ಯೂಟ್ಯೂಬ್ ಇನ್ನೂ ಹುಟ್ಟಿಯೇ ಇರಲಿಲ್ಲ ಎಂಬುದನ್ನು ಗಮನಿಸಿ. ಬಸ್ಸಿನಲ್ಲಿ ಮಲಗಿದವರ, ಮದುವೆಯಲ್ಲಿ ಎಡವಿದವರ ವಿಡಿಯೊ ಬಂದಾಗ ನಾನು ಮುಂದೆ ಕಳಿಸುವುದಿಲ್ಲ. ಇದು ನನ್ನ ಮಡಿ, ನಿಮ್ಮದು ನಿಮಗೆ.

ಫಾರ್ವರ್ಡ್ ಗುಂಡಿಯ ವಿಚಾರ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಾಟ್ಸ್‌ಆಪ್ ಸಂದೇಶದ ಮೇಲೆ ಎರಡು ಬಾಣದ ಗುರುತು, ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಬರಹ ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳಿಸಬಹುದು. ಇದಕ್ಕೂ ಮೊದಲು, 2018ರ ಜುಲೈನಲ್ಲಿ, ಭಾರತದಲ್ಲಿ ಯಾವುದೇ ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಬಂತು. ಆ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರಊರಿನ ಯುವಕರನ್ನು ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಬಡಿಯಿತು, ಒಬ್ಬರು ಸತ್ತರು. ದೇಶದ ಬೇರೆ ಕಡೆಗಳಲ್ಲೂ ಅಂಥವು ನಡೆದಿದ್ದವು. ನೇಸಮಣಿಯ ತಲೆ ಹೇಗಿದೆ ಎಂದು ಜಗತ್ತು ಕೇಳುವಂತೆ ಮಾಡಿದ್ದು ಮತ್ತು ಆ ವದಂತಿಯನ್ನು ಊರಿಂದೂರಿಗೆ ಹೊತ್ತದ್ದು ಒಂದೇ ಬಗೆಯ ಬೆರಳೊತ್ತು. ನೋಡಿದ್ದು ಎದೆಗೆ ತಾಕಿದ ಕ್ಷಣವೇ, ಮೂಲ ಕೇಳುವ ಮೊದಲೇ, ಮುಂದಕ್ಕೆ ತಳ್ಳುವುದು.

ಕೊನೆಗೆ ಮನೆಪಾಠ. 2019ರ ಜನವರಿ 4ರಂದು ಇನ್‌ಸ್ಟಾಗ್ರಾಂನಲ್ಲಿ ಯಾರದೆಂದು ತಿಳಿಯದ ಖಾತೆಯೊಂದು ಕೋಳಿಮೊಟ್ಟೆಯ ಫೋಟೊ ಹಾಕಿತು. ಬಿಳಿ ಹಿನ್ನೆಲೆ, ಕಂದು ಮೊಟ್ಟೆ, ಬೇರೇನಿಲ್ಲ. ಆಗ ಅತಿ ಹೆಚ್ಚು ಲೈಕ್ ಪಡೆದಿದ್ದದ್ದು ಅಮೆರಿಕದ ಸಿರಿವಂತ ತಾರೆ ಕೈಲಿ ಜೆನ್ನರ್ ತನ್ನ ಹಸುಗೂಸಿನೊಂದಿಗೆ ಹಾಕಿದ್ದ ಚಿತ್ರ, 1 ಕೋಟಿ 80 ಲಕ್ಷ. ಎಲ್ಲರೂ ಸೇರಿ ಆ ದಾಖಲೆ ಮುರಿಯೋಣ ಎಂಬುದಷ್ಟೇ ಮೊಟ್ಟೆಯ ಕೋರಿಕೆ. ಹತ್ತೇ ದಿನದಲ್ಲಿ ಮುರಿಯಿತು. ಲೈಕುಗಳು 5 ಕೋಟಿ ದಾಟಿದವು. ಅದನ್ನು ಹಾಕಿದ್ದು ಲಂಡನ್ನಿನ ಜಾಹೀರಾತು ಕ್ಷೇತ್ರದ ಒಬ್ಬರು ಎಂದು ಆಮೇಲೆ ತಿಳಿಯಿತು. ಮೊಟ್ಟೆಯ ದಾಖಲೆಯನ್ನು ಮುರಿದದ್ದು 2022ರ ಡಿಸೆಂಬರ್‌ನಲ್ಲಿ, ವಿಶ್ವಕಪ್ ಎತ್ತಿ ಹಿಡಿದ ಲಿಯೊನೆಲ್ ಮೆಸ್ಸಿಯ ಚಿತ್ರಗಳು.

ಮೆಸ್ಸಿಗೆ ಜನ ಲೈಕ್ ಒತ್ತಿದ್ದೇಕೆಂದು ಫುಟ್‌ಬಾಲ್ ನೋಡದವರೂ ಹೇಳಬಲ್ಲರು. ಮೊಟ್ಟೆಗೆ ಒತ್ತಿದ್ದೇಕೆ? ಅದರಲ್ಲಿ ಸಿನಿಮಾ ಇಲ್ಲ, ಚೀಟಿ ಅಂಟಿಸಲು ಮೂವರಿಲ್ಲ, ದನಿಯಿಲ್ಲ. ಮೇಲಿನ ಮೂರೂ ಪ್ರಶ್ನೆಗಳನ್ನು ಅದಕ್ಕೆ ಕೇಳಿ ನೋಡಿ, ಮೂರನೆಯದರ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಉತ್ತರ ಸಿಕ್ಕಿದರೆ ಮೊಮ್ಮಗಳಿಗೆ ನೀವೇ ಪಾಠ ಹೇಳಬಹುದು.